ಬಡಿಸುವವರಿಗೂ ಒಂದು ಪಂಕ್ತಿ ಇರಲಿ

ಲೈಬ್ರರಿಯಲ್ಲಿ ಕೆಲಸ ಮಾಡುವವರು ಪುಸ್ತಕ ಮನೆಗೆ ಒಯ್ಯಬಾರದಾ? ಖಂಡಿತ ಒಯ್ಯಲಿ. ಆದರೆ ನಮ್ಮ ನಿಮ್ಮ ಹಾಗೇ ಕಾರ್ಡ್ ತೋರಿಸಿ, ರಿಜಿಸ್ಟರ್‌ನಲ್ಲಿ ಬರೆಸಿ ಒಯ್ಯಲಿ.

‘ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಾದರೇನು?’ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಮದುವೆ ಮನೆಯಲ್ಲಿ ಇದು ತಮಾಷೆಗೆ ಸರಿ. ನಮಗೆ ಒಂದು ಹೋಳಿಗೆ ಹೆಚ್ಚು ಬಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಬಡಿಸುವವರು ಮೊದಲು ತಮ್ಮ ಮನೆಗೆ ಡಬ್ಬಿ ತುಂಬಿಸಿ ಕಳಿಸಿ, ಉಳಿದದ್ದನ್ನು ಪಂಕ್ತಿಗೆ ತಂದರೆ ಏನನ್ನಿಸುತ್ತೆ ಹೇಳಿ? ಕೆಲವು ಲೈಬ್ರರಿಗಳಲ್ಲಿ ಆಗುತ್ತಿರೋದು ಹೆಚ್ಚು ಕಡಿಮೆ ಇದೇ.

ದೀಪಾವಳಿ ವಿಶೇಷಾಂಕಗಳನ್ನೇ ತಗೊಳ್ಳಿ. ನಮ್ಮಲ್ಲಿ ಎಷ್ಟೋ ಜನ ಗೃಹಿಣಿಯರು ಅದಕ್ಕಾಗಿ ವರ್ಷವಿಡೀ ಕಾಯುತ್ತೇವೆ. ಎಲ್ಲವನ್ನೂ ಕೊಳ್ಳೋಕೆ ಆಗಲ್ಲ, ಲೈಬ್ರರಿಯಲ್ಲಿ ಓದೋಣ ಅಂತ ಹೋಗುತ್ತೇವೆ. ನನಗೆ ಗೊತ್ತಿರುವ ಒಂದು ಲೈಬ್ರರಿಯಲ್ಲಿ ಅವು ಟೇಬಲ್ ಮೇಲೆ ಬರೋದು ಸಂಕ್ರಾಂತಿ ಹೊತ್ತಿಗೆ! ಅಷ್ಟರಲ್ಲಿ ಯಾರದೋ ಮನೆಯ ಪದಬಂಧ ತುಂಬಿರುತ್ತೆ, ಅಡುಗೆ ಪುಟ ಕತ್ತರಿಸಿ ಹೋಗಿರುತ್ತೆ. ಕೇಳಿದರೆ ‘ಬೈಂಡಿಂಗ್‌ಗೆ ಹೋಗಿತ್ತು ಮೇಡಂ’ ಅನ್ನೋ ಉತ್ತರ. ಜಗಳ ಆಡೋಕೆ ಯಾರಿಗೂ ಮನಸ್ಸು ಬರಲ್ಲ. ‘ಪಾಪ, ಅವರಿಗೆ ಸಂಬಳವೇ ಕಡಿಮೆ, ಒಂದು ಪುಸ್ತಕ ಓದಿದರೆ ಏನೀಗ?’ ಅಂತ ನಾವೇ ಸುಮ್ಮನಾಗುತ್ತೇವೆ.

ಹೀಗೆ ಸುಮ್ಮನಾಗೋದು ಅವರಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ ಅನ್ನೋದು ನನ್ನ ಅಭಿಪ್ರಾಯ. ಸಿಬ್ಬಂದಿಯ ಸ್ವಂತ ಬಳಕೆಗೆ ಬರವಣಿಗೆಯಲ್ಲಿ ನಾಲ್ಕು ನಿಯಮ ಇರಬೇಕು. ಅದೂ ಗೋಡೆಯ ಮೇಲೆ, ಓದುಗರಿಗೆ ಕಾಣೋ ಹಾಗೆ ಇರಬೇಕು.

ಇದು ಯಾರ ದುಡ್ಡು?

ಸರ್ಕಾರಿ ಲೈಬ್ರರಿ ಅಂದರೆ ಪುಕ್ಕಟೆ ಅಂತ ತುಂಬಾ ಜನ ತಿಳಿದಿದ್ದಾರೆ. ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಸೆಸ್ ಅಂತ ಒಂದು ಸಾಲು ಇರುತ್ತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಅದರೊಳಗೇ ಸೇರಿಕೊಂಡಿದೆ. ಅಂದರೆ ಹತ್ತು ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು ಲೈಬ್ರರಿಗೆ ಅಂತಲೇ 600 ರೂಪಾಯಿ ಕಟ್ಟುತ್ತಿದ್ದೇವೆ. ಬಾಡಿಗೆ ಮನೆಯಲ್ಲಿ ಇರೋರೂ ಬಾಡಿಗೆಯ ಮೂಲಕ ಕಟ್ಟುತ್ತಲೇ ಇದ್ದಾರೆ. ಹಾಗಾಗಿ ಆ ವಿಶೇಷಾಂಕವನ್ನು ಕೊಂಡವರು ನಾವೇ. ನಾವು ಕೇಳೋದು ಉಪಕಾರ ಅಲ್ಲ.

ಹಾಗಂತ ಸಿಬ್ಬಂದಿ ಓದಲೇಬಾರದು ಅಂತ ನಾನು ಹೇಳುತ್ತಿಲ್ಲ. ರುಚಿ ನೋಡದೆ ಅಡುಗೆ ಮಾಡುವವಳ ಕೈಯಡುಗೆ ಹೇಗಿರುತ್ತೋ, ಓದದ ಲೈಬ್ರೇರಿಯನ್ ಕೊಡುವ ಸಲಹೆಯೂ ಹಾಗೇ ಇರುತ್ತೆ. ‘ಮಗಳಿಗೆ ಹತ್ತು ವರ್ಷ, ಯಾವ ಪುಸ್ತಕ ಕೊಡಲಿ?’ ಅಂತ ಕೇಳಿದಾಗ ಥಟ್ಟನೆ ಹೇಳಬೇಕಾದರೆ ಅವರು ಓದಿರಲೇಬೇಕು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳ ಪುಸ್ತಕ ಬರೆದರು. ತಮ್ಮ ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ತರಬೇತಿ ಕೇಂದ್ರವನ್ನೂ ಶುರು ಮಾಡಿದರು. ಪುಸ್ತಕ ಬೀರುವಿನಲ್ಲಿ ಕೂಡಿಡೋಕಲ್ಲ, ಜನ ಬಳಸೋಕೆ ಅನ್ನೋದೇ ಅವರ ಮೊದಲ ಮಾತಿನ ಸಾರ. ಓದುಗರ ಸಮಯ ಉಳಿಸಬೇಕು ಅನ್ನೋದೂ ಆ ಐದರಲ್ಲಿ ಒಂದು. ಬಳಸುವವರಲ್ಲಿ ಸಿಬ್ಬಂದಿಯೂ ಸೇರುತ್ತಾರೆ. ಆದರೆ ಅವರು ಬಳಸಿದ್ದರಿಂದ ನಾವು ಎರಡು ತಿಂಗಳು ಕಾಯೋ ಹಾಗಾದರೆ ಆ ಸೂತ್ರಕ್ಕೆ ಏನರ್ಥ?

ಸಣ್ಣ ಸಣ್ಣ ಸಂಗತಿಗಳೇ

ದೊಡ್ಡ ಕಳ್ಳತನ ಮಾಡುವವರು ಎಲ್ಲೋ ಒಬ್ಬಿಬ್ಬರು. ದಿನಾ ನಡೆಯೋದು ಸಣ್ಣ ಸಂಗತಿಗಳು. ಹೊಸ ಪುಸ್ತಕದ ಕಟ್ಟು ಬಿಚ್ಚಿದ ದಿನವೇ, ಅಕ್ಸೆಷನ್ ರಿಜಿಸ್ಟರ್‌ನಲ್ಲಿ ನಂಬರ್ ಬೀಳೋ ಮೊದಲೇ ಬ್ಯಾಗಿಗೆ ಹಾಕಿಕೊಳ್ಳೋದು. ನಂಬರ್ ಬೀಳದ ಪುಸ್ತಕ ಕಳೆದರೆ ಕಳೆದದ್ದೇ ಗೊತ್ತಾಗಲ್ಲ ನೋಡಿ! ಆಮೇಲೆ ತಮ್ಮ ಪುಸ್ತಕ ತಡವಾದರೆ ಕಂಪ್ಯೂಟರ್‌ನಲ್ಲಿ ತಾವೇ ದಂಡ ಅಳಿಸೋದು. ಮೂರು ಜನ ಕಾಯುತ್ತಿದ್ದರೂ ತಾವೇ ಮತ್ತೆ ಮತ್ತೆ ರಿನ್ಯೂ ಮಾಡಿಕೊಳ್ಳೋದು. ಊರು ಬಿಟ್ಟು ಹೋದ ಸದಸ್ಯರ ಕಾರ್ಡ್ ಮೇಲೆ ತಾವು ಪುಸ್ತಕ ತೆಗೆಯೋದು. ಮಗನ ಪ್ರಾಜೆಕ್ಟ್‌ಗೆ ಆಫೀಸಿನ ಪ್ರಿಂಟರ್‌ನಿಂದ ಬಣ್ಣದ ಪ್ರಿಂಟ್ ತೆಗೆಯೋದು. ಸಂಸ್ಥೆಗೆ ಪುಸ್ತಕದಂಗಡಿ ಕೊಡುವ ರಿಯಾಯಿತಿಯಲ್ಲಿ, ಸಂಸ್ಥೆಯ ಹೆಸರಿನಲ್ಲೇ ತಮ್ಮ ಮನೆಗೆ ಪುಸ್ತಕ ತರಿಸೋದು.

ಒಂದೊಂದನ್ನೇ ನೋಡಿದರೆ ಇದೆಲ್ಲ ‘ಅಷ್ಟೇ ತಾನೇ’ ಅನ್ನಿಸುತ್ತೆ. ‘ದುಡ್ಡು ನಾನೇ ಕೊಟ್ಟಿದ್ದೀನಲ್ಲ, ರಿಯಾಯಿತಿ ಮಾತ್ರ ಸಂಸ್ಥೆಯದ್ದು’ ಅಂತ ವಾದ ಮಾಡುವವರೂ ಇದ್ದಾರೆ. ಆದರೆ ಬಿಲ್ ಸಂಸ್ಥೆಯ ಹೆಸರಲ್ಲಿ, ಪುಸ್ತಕ ಮನೆಯ ಕಪಾಟಿನಲ್ಲಿ ಅಂದಾಗ ಆಡಿಟರ್ ಕೇಳುವ ಪ್ರಶ್ನೆಗೆ ಉತ್ತರ ಎಲ್ಲಿದೆ? ದುಡ್ಡು ಕೊಟ್ಟದ್ದಕ್ಕೆ ಚೀಟಿ ಇಲ್ಲದಿದ್ದರೆ ಪ್ರಾಮಾಣಿಕರೂ ಕಳ್ಳರ ಸಾಲಿಗೆ ಸೇರುತ್ತಾರೆ.

ಈಗಂತೂ ಕಾಗದದ ಪುಸ್ತಕವಷ್ಟೇ ಅಲ್ಲ. ಕಾಲೇಜು ಲೈಬ್ರರಿಗಳು ಆನ್‌ಲೈನ್ ಜರ್ನಲ್‌ಗಳಿಗೆ ಚಂದಾ ಕಟ್ಟುತ್ತವೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿತು. ಇಷ್ಟು ದುಡ್ಡು ಸುರಿದು ಕೊಂಡ ಸೌಲಭ್ಯದ ಪಾಸ್‌ವರ್ಡ್ ‘ನಮ್ಮ ಭಾವನ ಮಗ ಪಿಎಚ್.ಡಿ ಮಾಡ್ತಿದ್ದಾನೆ’ ಅಂತ ಹೊರಗೆ ಹೋದರೆ? ರಾಶಿಗಟ್ಟಲೆ ಡೌನ್‌ಲೋಡ್ ಆಗೋದು ಕಂಡರೆ ಪ್ರಕಾಶಕರು ಇಡೀ ಸಂಸ್ಥೆಯ ಸಂಪರ್ಕವನ್ನೇ ತಡೆಯುತ್ತಾರೆ. ಒಬ್ಬರ ದಾಕ್ಷಿಣ್ಯಕ್ಕೆ ನೂರಾರು ವಿದ್ಯಾರ್ಥಿಗಳು ಪರೀಕ್ಷೆ ಹೊತ್ತಲ್ಲಿ ಪರದಾಡಬೇಕಾಗುತ್ತೆ.

ಒಳ್ಳೆಯ ಮನಸ್ಸೂ ದಾರಿ ತಪ್ಪುತ್ತೆ

ಇದಕ್ಕೆ ಅಮೆರಿಕದ ಒಂದು ಸ್ವಾರಸ್ಯದ ಪ್ರಸಂಗ ಹೇಳುತ್ತೇನೆ ಕೇಳಿ. ಫ್ಲೋರಿಡಾ ರಾಜ್ಯದ ಲೇಕ್ ಕೌಂಟಿಯಲ್ಲಿ ಒಂದು ಸಣ್ಣ ಸಾರ್ವಜನಿಕ ಲೈಬ್ರರಿ. 2016ರಲ್ಲಿ ಅಲ್ಲಿ ಚಕ್ ಫಿನ್ಲೆ ಅನ್ನೋ ಸದಸ್ಯ ಒಂಬತ್ತು ತಿಂಗಳಲ್ಲಿ 2,361 ಪುಸ್ತಕ ಎರವಲು ಪಡೆದ! ದಿನಕ್ಕೆ ಎಂಟರಿಂದ ಒಂಬತ್ತು ಪುಸ್ತಕ. ಮಕ್ಕಳ ಪುಸ್ತಕ, ಕಾದಂಬರಿ ಏನೂ ಬಿಡಲಿಲ್ಲ. ಯಾರಪ್ಪಾ ಈ ಮಹಾ ಓದುಗ ಅಂತ ತನಿಖೆ ಮಾಡಿದರೆ ಅಂಥ ಮನುಷ್ಯನೇ ಇರಲಿಲ್ಲ. ಲೈಬ್ರರಿಯ ಸಿಬ್ಬಂದಿಯೇ ಸುಳ್ಳು ವಿಳಾಸ, ಸುಳ್ಳು ಡ್ರೈವಿಂಗ್ ಲೈಸೆನ್ಸ್ ನಂಬರ್ ಹಾಕಿ ಕಾರ್ಡ್ ಹುಟ್ಟಿಸಿದ್ದರು. ಹೆಸರು ಒಬ್ಬ ಮಾಜಿ ಬೇಸ್‌ಬಾಲ್ ಆಟಗಾರನದು.

ಯಾಕೆ ಹೀಗೆ ಮಾಡಿದರು ಗೊತ್ತಾ? ಪುಸ್ತಕ ಮನೆಗೆ ಒಯ್ಯೋಕಲ್ಲ, ಉಳಿಸೋಕೆ. ಬಹಳ ಕಾಲ ಯಾರೂ ಎರವಲು ಪಡೆಯದ ಪುಸ್ತಕಗಳನ್ನು ಅಲ್ಲಿನ ಕಂಪ್ಯೂಟರ್ ವ್ಯವಸ್ಥೆ ಪಟ್ಟಿ ಮಾಡುತ್ತಿತ್ತು, ಆಮೇಲೆ ಅವನ್ನು ಕಪಾಟಿನಿಂದ ತೆಗೆದುಹಾಕುತ್ತಿದ್ದರು. ಜಾನ್ ಸ್ಟೈನ್‌ಬೆಕ್‌ನಂಥ ದೊಡ್ಡ ಲೇಖಕರ ಪುಸ್ತಕವೂ ಆ ಅಪಾಯದಲ್ಲಿತ್ತು. ಇವತ್ತು ತೆಗೆದುಹಾಕಿ, ನಾಳೆ ಯಾರೋ ಕೇಳಿದರು ಅಂತ ಮತ್ತೆ ದುಡ್ಡು ಕೊಟ್ಟು ತರಿಸೋದು ಯಾಕೆ ಅಂತ ಅವರು ಈ ಉಪಾಯ ಹೂಡಿದರು.

ಓದಿದ ತಕ್ಷಣ ಯಾರಿಗಾದರೂ ಚಪ್ಪಾಳೆ ತಟ್ಟೋಣ ಅನ್ನಿಸುತ್ತೆ. ಪುಸ್ತಕ ಪ್ರೀತಿಸುವವರು ಮಾಡಿದ ಕೆಲಸ ತಾನೇ! ಆದರೆ ಸ್ವಲ್ಪ ಯೋಚಿಸಿ. ಆ ಒಂದೇ ಸುಳ್ಳು ಕಾರ್ಡ್‌ನಿಂದ ಲೈಬ್ರರಿಯ ಒಟ್ಟು ಎರವಲು ಲೆಕ್ಕ ಶೇ. 3.9ರಷ್ಟು ಏರಿತ್ತು. ಯಾವ ಪುಸ್ತಕ ಜನರಿಗೆ ನಿಜವಾಗಿ ಬೇಕು, ಯಾವುದಕ್ಕೆ ದುಡ್ಡು ಹಾಕಬೇಕು ಅನ್ನೋದೆಲ್ಲ ಇದೇ ಲೆಕ್ಕ ನೋಡಿ ನಿರ್ಧಾರ ಆಗೋದು. ಲೆಕ್ಕವೇ ಸುಳ್ಳಾದರೆ? ಆ ಪುಸ್ತಕಗಳನ್ನು ಉಳಿಸಬೇಕು ಅನ್ನಿಸಿದ್ದರೆ ‘ಇಂಥಿಂಥ ಪುಸ್ತಕ ತೆಗೆಯಬೇಡಿ, ಕಾರಣ ಹೀಗಿದೆ’ ಅಂತ ಮೇಲಿನವರಿಗೆ ಬರೆಯಬಹುದಿತ್ತು. ಅದಕ್ಕೊಂದು ದಾರಿ ಇಲ್ಲದಿದ್ದರೆ ಆ ದಾರಿಯನ್ನೇ ಕೇಳಬೇಕಿತ್ತು. ಒಳ್ಳೆಯ ಉದ್ದೇಶಕ್ಕೆ ಸುಳ್ಳು ಖಾತೆ ತೆರೆದವರನ್ನು ಕೆಟ್ಟ ಉದ್ದೇಶಕ್ಕೆ ತೆರೆದವರಿಂದ ಬೇರೆ ಮಾಡಿ ನೋಡೋದು ಹೇಗೆ?

ಕೆಟ್ಟ ಉದ್ದೇಶದ ಉದಾಹರಣೆಯೂ ಅದೇ ದೇಶದಲ್ಲಿದೆ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಲೈಬ್ರರಿಯಲ್ಲಿ ಅಪರೂಪದ ಪುಸ್ತಕಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಪುಸ್ತಕ, ನಕಾಶೆಗಳನ್ನು ಹೊರಗೆ ಸಾಗಿಸಿ ಮಾರಿದ್ದರು. 2017ರಲ್ಲಿ ಇನ್ಶೂರೆನ್ಸ್‌ಗಾಗಿ ಲೆಕ್ಕ ಹಾಕಿಸಿದಾಗ ವಿಷಯ ಹೊರಬಿತ್ತು. ಕಳೆದದ್ದರ ಬೆಲೆ ಸುಮಾರು 80 ಲಕ್ಷ ಡಾಲರ್. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. ಕೀಲಿ ಕೈ ಅವರ ಹತ್ತಿರವೇ ಇತ್ತು, ಅವರ ಬ್ಯಾಗ್ ನೋಡುವವರು ಯಾರೂ ಇರಲಿಲ್ಲ.

ನಿಯಮ ಅಂದರೆ ಅಪನಂಬಿಕೆ ಅಲ್ಲ

ಇಲ್ಲಿ ಇನ್ನೊಂದು ಕಡೆಯ ಮಾತೂ ಹೇಳಬೇಕು. ನಮ್ಮ ಎಷ್ಟೋ ಲೈಬ್ರರಿಗಳಲ್ಲಿ, ಅದರಲ್ಲೂ ಶಾಲೆಗಳಲ್ಲಿ, ಪುಸ್ತಕಗಳು ಬೀಗ ಹಾಕಿದ ಗಾಜಿನ ಬೀರುವಿನಲ್ಲಿರುತ್ತವೆ. ಮಕ್ಕಳು ಬೆನ್ನು ಮಾತ್ರ ನೋಡಬೇಕು. ಟೀಚರನ್ನು ಕೇಳಿದರೆ ‘ಕಳೆದರೆ ನನ್ನ ಸಂಬಳದಲ್ಲಿ ಹಿಡೀತಾರೆ’ ಅನ್ನುತ್ತಾರೆ. ಈ ಹೆದರಿಕೆ ಸುಳ್ಳಲ್ಲ. ವರ್ಷದ ಕೊನೆಗೆ ಸ್ಟಾಕ್ ಚೆಕಿಂಗ್ ಬಂದಾಗ ಹತ್ತು ಪುಸ್ತಕ ಕಡಿಮೆ ಬಂದರೆ ಅವರ ನಿದ್ದೆ ಹಾರಿಹೋಗುತ್ತೆ.

ಆದರೆ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳನ್ನು ನೋಡಿ. ಕೇಂದ್ರದ ಲೈಬ್ರರಿಗಳಿಗೆ ಅನ್ವಯಿಸುವ 2017ರ ಆ ನಿಯಮಗಳಲ್ಲಿ, ವರ್ಷಕ್ಕೆ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತ ಒಪ್ಪಿಕೊಳ್ಳಬಹುದು. ಆದರೆ ಒಂದು ಷರತ್ತು, ಅದು ಅಪ್ರಾಮಾಣಿಕತೆಯಿಂದಲೋ ನಿರ್ಲಕ್ಷ್ಯದಿಂದಲೋ ಕಳೆದಿರಬಾರದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಎಷ್ಟು ಪ್ರಾಯೋಗಿಕವಾಗಿದೆ ನೋಡಿ! ಮನೆಯಲ್ಲಿ ವರ್ಷಕ್ಕೆ ಎರಡು ಲೋಟ ಒಡೆಯೋದು ಸಹಜ, ಬೆಳ್ಳಿ ಬಟ್ಟಲು ಕಾಣೆಯಾದರೆ ಮಾತ್ರ ಕೇಳಲೇಬೇಕು ಅಂದ ಹಾಗೆ.

ಈ ಐದು ಪುಸ್ತಕದ ವಿನಾಯಿತಿ ಪ್ರಾಮಾಣಿಕ ಲೈಬ್ರೇರಿಯನ್‌ಗೆ ಸಿಗಬೇಕಾದರೆ ಅವರ ಸ್ವಂತ ಲೆಕ್ಕ ಶುದ್ಧವಾಗಿರಬೇಕು. ತಾವು ಒಯ್ದ ಪ್ರತಿ ಪುಸ್ತಕವೂ ಕಾರ್ಡ್ ಮೇಲೆ ಇದ್ದರೆ ‘ಕಳೆದದ್ದು ನಿಮ್ಮ ಮನೆಗೆ ಹೋಗಿರಬಹುದು’ ಅಂತ ಬೊಟ್ಟು ಮಾಡೋಕೆ ಯಾರಿಂದಲೂ ಆಗಲ್ಲ. ನಮ್ಮಲ್ಲಿ ಲೈಬ್ರರಿ ಕೆಲಸದಲ್ಲಿ ಹೆಣ್ಣುಮಕ್ಕಳು ಬಹಳ ಇದ್ದಾರೆ, ಗುತ್ತಿಗೆ ಮೇಲೆ ದುಡಿಯುವವರೂ ಇದ್ದಾರೆ. ಏನಾದರೂ ಎಡವಟ್ಟಾದರೆ ಮೊದಲು ಬೆರಳು ತೋರಿಸೋದು ಇವರ ಕಡೆಗೇ. ನಿಯಮ ಇವರಿಗೆ ಬೇಡಿ ಅಲ್ಲ, ರಕ್ಷೆ.

ಸರ್ಕಾರಿ ನೌಕರರಿಗೆ ಕರ್ನಾಟಕದಲ್ಲಿ 2021ರ ನಡತೆ ನಿಯಮಗಳಿವೆಯಲ್ಲ ಅಂತ ಕೇಳಬಹುದು. ಇವೆ. ಅವು ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು ಅನ್ನುತ್ತವೆ. ಆದರೆ ಹೊಸ ಕಾದಂಬರಿ ಮೊದಲು ಯಾರಿಗೆ, ದಂಡ ಯಾರು ಮನ್ನಾ ಮಾಡಬೇಕು ಅನ್ನೋದನ್ನು ಅಷ್ಟು ದೊಡ್ಡ ನಿಯಮದಲ್ಲಿ ಹುಡುಕೋಕಾಗುತ್ತಾ? ಅಪಾರ್ಟ್‌ಮೆಂಟ್ ಲೈಬ್ರರಿ, ಮಹಿಳಾ ಸಮಾಜದ ಲೈಬ್ರರಿ, ಖಾಸಗಿ ಶಾಲೆಯ ಲೈಬ್ರರಿಗಳಿಗೆ ಆ ನಿಯಮವೂ ಇಲ್ಲ. ಅಮೆರಿಕದ ಲೈಬ್ರರಿ ಸಂಘ 1939ರಲ್ಲೇ ವೃತ್ತಿ ನೀತಿ ಮಾಡಿಕೊಂಡು ಕಾಲಕಾಲಕ್ಕೆ ತಿದ್ದುತ್ತಾ ಬಂದಿದೆ. ಓದುಗರಿಗೆ, ಸಹೋದ್ಯೋಗಿಗಳಿಗೆ, ಸಂಸ್ಥೆಗೆ ನಷ್ಟವಾಗುವ ಹಾಗೆ ಸ್ವಂತ ಲಾಭ ನೋಡಿಕೊಳ್ಳಬಾರದು ಅನ್ನೋದು ಅದರಲ್ಲಿ ಸೇರಿದೆ. ಅಲ್ಲಿನ ಎಷ್ಟೋ ಊರುಗಳ ಲೈಬ್ರರಿಗಳು, ಸಿಬ್ಬಂದಿ ತಮ್ಮ ಮತ್ತು ಮನೆಯವರ ಖಾತೆಯನ್ನು ತಾವೇ ತಿದ್ದಬಾರದು ಅಂತ ಕಾಗದದ ಮೇಲೇ ಬರೆದಿಟ್ಟಿವೆ. ದಂಡದ ವಿಷಯದಲ್ಲಿ ಶಿಕಾಗೋ ನಗರ ಇನ್ನೂ ಸುಲಭದ ದಾರಿ ಹಿಡಿಯಿತು. 2019ರಲ್ಲಿ ತಡವಾದದ್ದಕ್ಕೆ ದಂಡವನ್ನೇ ಎಲ್ಲರಿಗೂ ತೆಗೆದುಹಾಕಿತು. ಮನ್ನಾ ಮಾಡೋದಾದರೆ ಹೀಗೆ ಎಲ್ಲರಿಗೂ ಮಾಡಲಿ, ಒಳಗಿನವರಿಗೆ ಮಾತ್ರ ಬೇಡ.

ನಮ್ಮ ಗುಟ್ಟು ನಮ್ಮ ಹತ್ತಿರವೇ ಇರಲಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಮಾತು ಇದು. ಲೈಬ್ರರಿಯವರ ಹತ್ತಿರ ನಮ್ಮ ವಿಳಾಸ ಇದೆ, ಮೊಬೈಲ್ ನಂಬರ್ ಇದೆ, ನಾವು ಏನೇನು ಓದುತ್ತೇವೆ ಅನ್ನೋ ಪಟ್ಟಿಯೂ ಇದೆ. ಒಬ್ಬ ಹೆಣ್ಣುಮಗಳು ವಿಚ್ಛೇದನದ ಕಾನೂನಿನ ಪುಸ್ತಕ ಒಯ್ಯುತ್ತಾಳೆ ಅಂದುಕೊಳ್ಳಿ. ಇನ್ನೊಬ್ಬಳು ಮಕ್ಕಳಾಗದ ಸಮಸ್ಯೆ ಬಗ್ಗೆ, ಮತ್ತೊಬ್ಬಳು ಸ್ತನ ಕ್ಯಾನ್ಸರ್ ಬಗ್ಗೆ ಓದುತ್ತಾಳೆ. ಕೌಂಟರ್‌ನಲ್ಲಿ ಕೂತವರು ದೇವಸ್ಥಾನದಲ್ಲಿ ಸಿಕ್ಕಿದ ಅವಳ ಅತ್ತೆಗೆ ‘ನಿಮ್ಮ ಸೊಸೆ ಆರಾಮಿದ್ದಾಳಾ? ಇಂಥ ಪುಸ್ತಕ ಒಯ್ದಿದ್ದಳು’ ಅಂದುಬಿಟ್ಟರೆ? ಅವರಿಗೆ ಅದು ಕಾಳಜಿಯ ಮಾತು. ಅವಳ ಮನೆಯಲ್ಲಿ ಅವತ್ತು ರಾತ್ರಿ ಏನಾಗುತ್ತೋ ದೇವರೇ ಬಲ್ಲ.

ಎಷ್ಟೋ ಹೆಣ್ಣುಮಕ್ಕಳಿಗೆ ಯಾರನ್ನೂ ಕೇಳದೆ ಒಂದು ವಿಷಯ ತಿಳಿದುಕೊಳ್ಳೋ ಜಾಗ ಅಂದರೆ ಲೈಬ್ರರಿ ಒಂದೇ. ಅಲ್ಲೂ ಕಣ್ಣು ಕಾಯುತ್ತಿದೆ ಅನ್ನಿಸಿದರೆ ಅವಳು ಮತ್ತೆ ಬರಲ್ಲ. ಹಾಗೇ ಸದಸ್ಯರ ನಂಬರ್ ತೆಗೆದುಕೊಂಡು ಸೀರೆ ವ್ಯಾಪಾರದ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸೋದು, ಚೀಟಿಗೆ ಕರೆಯೋದು, ವೇಳೆಯಲ್ಲದ ವೇಳೆಯಲ್ಲಿ ‘ಗುಡ್ ಮಾರ್ನಿಂಗ್’ ಕಳಿಸೋದು ಯಾವುದೂ ತಮಾಷೆಯಲ್ಲ. ಜನರ ಖಾಸಗಿ ಮಾಹಿತಿಯ ರಕ್ಷಣೆಗೆ ಅಂತಲೇ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಆದರೆ ಕಾಯ್ದೆವರೆಗೆ ಹೋಗೋ ಮೊದಲೇ, ಕೆಲಸಕ್ಕೆ ಬೇಕಾಗದ ಹೊರತು ಸದಸ್ಯರ ಖಾತೆ ತೆರೆದು ನೋಡಬಾರದು ಅನ್ನೋ ಒಂದು ಸಾಲು ಲೈಬ್ರರಿಯಲ್ಲೇ ಇದ್ದರೆ ಸಾಕಲ್ವಾ?

ಹೀಗೊಂದು ಪಟ್ಟಿ ಇರಲಿ

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲೋ, ಮಹಿಳಾ ಸಮಾಜದಲ್ಲೋ, ಮಕ್ಕಳ ಶಾಲೆಯಲ್ಲೋ ಲೈಬ್ರರಿ ಇದ್ದರೆ ಸಮಿತಿಯ ಮುಂದೆ ಇದನ್ನು ಇಡಿ. ನೀವೇ ಅಲ್ಲಿ ಕೆಲಸ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು, ನೀವೇ ಶುರು ಮಾಡಿ.

* ಸಿಬ್ಬಂದಿ ಎಲ್ಲರಿಗೂ ಸದಸ್ಯರಂತೆ ಕಾರ್ಡ್ ಇರಲಿ. ಕಾರ್ಡ್ ಇಲ್ಲದೆ ಒಂದು ವಾರಪತ್ರಿಕೆಯೂ ಬಾಗಿಲು ದಾಟೋದು ಬೇಡ.
* ತಮ್ಮ ಖಾತೆ, ಮನೆಯವರ ಖಾತೆ ತಾವೇ ಮುಟ್ಟಬಾರದು. ಪುಸ್ತಕ ಬರೆದುಕೊಳ್ಳೋದು, ರಿನ್ಯೂ, ದಂಡ ಮನ್ನಾ ಎಲ್ಲ ಇನ್ನೊಬ್ಬರ ಕೈಯಲ್ಲಿ ಆಗಲಿ. ಒಬ್ಬರೇ ಇರುವ ಲೈಬ್ರರಿಯಾದರೆ ತಿಂಗಳಿಗೊಮ್ಮೆ ಸಮಿತಿಯವರೊಬ್ಬರು ರಿಜಿಸ್ಟರ್ ನೋಡಿ ಸಹಿ ಹಾಕಲಿ.
* ಹೊಸ ಪುಸ್ತಕ ನಂಬರ್ ಬಿದ್ದು ಮೊದಲ ಎರಡು ವಾರ ಓದುಗರಿಗೆ. ಯಾರೂ ಕೇಳದಿದ್ದರೆ ಸಿಬ್ಬಂದಿ ಒಯ್ಯಲಿ. ಕಾಯುವವರ ಪಟ್ಟಿ ಇದ್ದರೆ ಅವರೂ ಅದರಲ್ಲೇ ನಿಲ್ಲಲಿ.
* ಬೇರೆಯವರ ಕಾರ್ಡ್, ಸುಳ್ಳು ಹೆಸರಿನ ಕಾರ್ಡ್ ಯಾವ ಕಾರಣಕ್ಕೂ ಬೇಡ. ಪುಸ್ತಕ ಉಳಿಸುವ ಒಳ್ಳೆಯ ಕಾರಣಕ್ಕೂ ಬೇಡ.
* ಸಂಸ್ಥೆಯ ಹೆಸರಲ್ಲಿ ಸ್ವಂತಕ್ಕೆ ಪುಸ್ತಕ ತರಿಸಬಾರದು. ಪಾಸ್‌ವರ್ಡ್ ಹೊರಗೆ ಕೊಡಬಾರದು. ಜೆರಾಕ್ಸ್, ಪ್ರಿಂಟ್‌ಗೆ ಓದುಗರು ಕೊಡುವಷ್ಟೇ ಕೊಟ್ಟು ರಸೀದಿ ಇಟ್ಟುಕೊಳ್ಳಲಿ.
* ತೆಗೆದುಹಾಕುವ ಹಳೆಯ ಪುಸ್ತಕ, ಜನ ದಾನ ಕೊಟ್ಟ ಪುಸ್ತಕ ಸೀದಾ ಸಿಬ್ಬಂದಿ ಮನೆಗೆ ಹೋಗೋದು ಬೇಡ. ಮೊದಲು ಪಟ್ಟಿ ಆಗಲಿ. ಮಾರೋದಾದರೆ ಎಲ್ಲರಿಗೂ ಒಂದೇ ದಿನ, ಒಂದೇ ಬೆಲೆ.
* ಓದುಗರು ಏನು ಓದುತ್ತಾರೆ ಅನ್ನೋದು ಕೌಂಟರ್ ದಾಟಬಾರದು. ಗಂಡ ಕೇಳಿದರೂ ಅಷ್ಟೇ, ಅತ್ತೆ ಕೇಳಿದರೂ ಅಷ್ಟೇ.

ಇದರ ಜೊತೆಗೆ ಸಿಬ್ಬಂದಿಗೆ ಒಂದು ಸವಲತ್ತೂ ಇರಲಿ. ಬೇರೆಯವರಿಗೆ ಎರಡು ಪುಸ್ತಕವಾದರೆ ಅವರಿಗೆ ನಾಲ್ಕು ಕೊಡಿ. ಬೇಡಿಕೆ ಇಲ್ಲದ ಪುಸ್ತಕಕ್ಕೆ ಒಂದು ವಾರ ಹೆಚ್ಚು ಅವಧಿ ಕೊಡಿ. ಕಡಿಮೆ ಸಂಬಳಕ್ಕೆ ದಿನವಿಡೀ ಧೂಳು ಕುಡಿದು ಪುಸ್ತಕ ಜೋಡಿಸುವವರಿಗೆ ಅಷ್ಟು ಕೊಡಲೇಬೇಕು. ಆದರೆ ಅದು ಬರೆದ ಸವಲತ್ತಾಗಿರಲಿ. ಎಲ್ಲರಿಗೂ ಗೊತ್ತಿರೋದನ್ನು ಯಾರೂ ಕಳ್ಳತನ ಅನ್ನಲ್ಲ.

ನಮ್ಮ ಪಾಲೂ ಇದೆ

ಕೊನೆಗೆ ನಾವು ಓದುಗರು ಮಾಡಬೇಕಾದದ್ದೂ ಇದೆ. ‘ಶಾಂತಾ, ಹೊಸದು ಬಂದರೆ ನನಗೆ ಎತ್ತಿಡಮ್ಮಾ’ ಅಂತ ಪರಿಚಯದ ಮೇಲೆ ಕೇಳುವವರು ನಮ್ಮಲ್ಲೇ ಎಷ್ಟು ಜನ! ಹಬ್ಬಕ್ಕೆ ಎರಡು ಕೋಡುಬಳೆ ಕೊಟ್ಟು ದಂಡ ಬಿಡಿಸಿಕೊಳ್ಳುವವರೂ ಇದ್ದಾರೆ. ಇಲ್ಲ ಅನ್ನೋಕೆ ಅವರಿಗೆ ದಾಕ್ಷಿಣ್ಯ. ನಮಗೆ ಎತ್ತಿಟ್ಟವರು ತಮಗೂ ಎತ್ತಿಟ್ಟುಕೊಂಡರೆ ಯಾವ ಬಾಯಲ್ಲಿ ಕೇಳೋದು? ಕೋಡುಬಳೆ ಕೊಡಿ, ಪ್ರೀತಿಯಿಂದ ಕೊಡಿ. ದಂಡವನ್ನೂ ಕಟ್ಟಿಬಿಡಿ.

ಈ ಸಲ ಲೈಬ್ರರಿಗೆ ಹೋದಾಗ ಸಿಬ್ಬಂದಿಗೆ ಏನು ನಿಯಮ ಇದೆ ಅಂತ ನಗುನಗುತ್ತಾ ಕೇಳಿ ನೋಡಿ. ಇದ್ದರೆ ಗೋಡೆಗೆ ಹಾಕಿ ಅನ್ನಿ. ಇಲ್ಲದಿದ್ದರೆ ಮೇಲಿನ ಪಟ್ಟಿಯನ್ನು ಕತ್ತರಿಸಿ ಕೊಡಿ. ಆದರೆ ದಯವಿಟ್ಟು ಲೈಬ್ರರಿಯ ಪ್ರತಿಯಿಂದ ಕತ್ತರಿಸಬೇಡಿ, ನಿಮ್ಮ ಮನೆಯ ಪೇಪರ್‌ನಿಂದ ಕತ್ತರಿಸಿ!